ತೈಲಾಸ್ತ್ರದ ಗುರಿ ಮತ್ತು ಗಾಯ

ಹಿಂದೆ ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರವೆಂಬ ಕ್ರೂರ ಶಿಕ್ಷೆಯೊಂದಿತ್ತು. ಕೆಲವೆಡೆ ಅದು ಇನ್ನೂ ಪೂರ್ತಿಯಾಗಿ ಅಳಿದಿಲ್ಲವೆಂಬುದು ನಾಚಿಕೆಯ ಸಂಗತಿ. ಬಹಿಷ್ಕೃತನ ಮನೆಗೆ ಅಂಗಡಿಯಿಂದ ಉಪ್ಪಿಲ್ಲ, ಬಾವಿಯಿಂದ ನೀರಿಲ್ಲ, ನೆರೆಮನೆಯಿಂದ ಒಲೆಗೆ ಕೆಂಡವಿಲ್ಲ. ಈ ಶಿಕ್ಷೆ ನಡೆಯುತ್ತಿದ್ದುದು ಊರು ಚಿಕ್ಕದಾಗಿದ್ದುದರಿಂದ. ಯಾರು ಯಾರಿಗೆ ಏನು ಕೊಟ್ಟರೆಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿದುಹೋಗುತ್ತಿತ್ತು. ರಾಷ್ಟ್ರಗಳು ಇದೇ ಶಿಕ್ಷೆಯನ್ನು ಒಂದಕ್ಕೊಂದು ವಿಧಿಸಹೊರಟರೆ ಏನಾಗುತ್ತದೆ? ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಯೋಗಕ್ಕೆ ಮುಖ್ಯ ಸಾಧನವಾದದ್ದು ಭೂಗರ್ಭದ ಎಣ್ಣೆ. ಅದರ ಬೆಲೆ ನಮ್ಮ ಅಡುಗೆಮನೆಯನ್ನೂ ಹೊಲವನ್ನೂ ಮುಟ್ಟುವುದರಿಂದ ಗೃಹಸ್ಥರೂ ಗೃಹಿಣಿಯರೂ ಈ ವಿಷಯವನ್ನು ಅರಿತಿರುವುದು ಅವಶ್ಯ.

1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ದೇಶಗಳು ಇಸ್ರೇಲಿನ ಮೇಲೆ ಯುದ್ಧ ಹೂಡಿದವು. 1967ರಲ್ಲಿ ಕಳೆದುಕೊಂಡಿದ್ದ ಸಿನಾಯ್ ಮರುಭೂಮಿಯನ್ನೂ ಗೋಲಾನ್ ಗುಡ್ಡಗಳನ್ನೂ ಮರಳಿ ಪಡೆಯುವುದು ಅವುಗಳ ಉದ್ದೇಶವಾಗಿತ್ತು. ಅಕ್ಟೋಬರ್ 17ರಂದು ಅರಬ್ ತೈಲ ದೇಶಗಳ ಮಂತ್ರಿಗಳು ಕುವೈತಿನಲ್ಲಿ ಸಭೆ ಸೇರಿ, ಇಸ್ರೇಲ್ ಆ ಪ್ರದೇಶಗಳಿಂದ ಹಿಂದೆ ಸರಿಯುವವರೆಗೆ ತಿಂಗಳಿಗೆ ನೂರಕ್ಕೆ 5ರಂತೆ ಎಣ್ಣೆಯ ಉತ್ಪಾದನೆಯನ್ನು ಇಳಿಸುತ್ತ ಹೋಗುವುದಾಗಿ ಸಾರಿದರು. ಎರಡು ದಿನಗಳ ತರುವಾಯ ಅಮೆರಿಕದ ಅಧ್ಯಕ್ಷ ನಿಕ್ಸನ್ ಇಸ್ರೇಲಿಗೆ 220 ಕೋಟಿ ಡಾಲರುಗಳ ನೆರವನ್ನು ಕೋರಿ ತಮ್ಮ ಸಂಸತ್ತಿನ ಮುಂದೆ ಹೋದರು. ಮರುದಿನವೇ ಸೌದಿ ಅರೇಬಿಯದ ದೊರೆ ಫೈಸಲ್ ಅಮೆರಿಕಕ್ಕೆ ಎಣ್ಣೆ ಕೊಡುವುದನ್ನು ನಿಲ್ಲಿಸಿದರು. ಇಸ್ರೇಲಿನ ಪರವೆಂದು ಹಾಲೆಂಡ್ ದೇಶವೂ ಬಹಿಷ್ಕಾರಕ್ಕೆ ಗುರಿಯಾಯಿತು.

ಇದೇ ಅಸ್ತ್ರವನ್ನು ಅರಬರು 1967ರಲ್ಲಿಯೂ ಎತ್ತಿದ್ದರು. ಅಂದು ಅದು ಮೊಂಡಾಗಿತ್ತು. ಆಗ ಅಮೆರಿಕದ ಸ್ವಂತ ಬಾವಿಗಳಲ್ಲಿ ಬೇಕೆಂದಾಗ ಹೆಚ್ಚು ತೆಗೆಯುವಷ್ಟು ಎಣ್ಣೆ ಮಿಗುತ್ತಿತ್ತು. ಆರು ವರ್ಷಗಳಲ್ಲಿ ಆ ಸ್ಥಿತಿ ಹೋಗಿ, ಟೆಕ್ಸಾಸಿನ ಬಾವಿಗಳು ಪೂರ್ಣ ಸಾಮರ್ಥ್ಯದಲ್ಲಿ ದುಡಿದರೂ ಆ ದೇಶ ತನಗೆ ಬೇಕಾದುದರಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಹೊರಗಿನಿಂದ ತರುವಂತಾಗಿತ್ತು. ಫೈಸಲರಿಗೆ ಇದು ತಿಳಿದಿತ್ತು.

ಆದರೆ ಎಣ್ಣೆಯ ವ್ಯಾಪಾರ ಹಳ್ಳಿಯ ಅಂಗಡಿಯಂತಲ್ಲ; ಅದೊಂದು ದೊಡ್ಡ ಕೆರೆಯಂತೆ. ಕೆರೆಗೆ ನೂರು ತೂಬುಗಳಿದ್ದು, ಎಲ್ಲ ಗದ್ದೆಗಳಿಗೂ ಒಳಗೊಳಗೇ ಕಾಲುವೆಗಳು ಕೂಡಿಕೊಂಡಿದ್ದರೆ, ಒಬ್ಬನ ಗದ್ದೆಯ ತೂಬನ್ನು ಮುಚ್ಚಿದರೂ ಪಕ್ಕದ ಕಾಲುವೆಯಿಂದ ಅವನಿಗೆ ನೀರು ಬಂದೇ ಬರುತ್ತದೆ. ಕೆರೆಯ ನೀರನ್ನೇ ಇಳಿಸಿದರೆ ಮಾತ್ರ ಅವನಿಗೆ ಕೊರತೆ. ಆಗ ಊರಿಗೆಲ್ಲ ಕೊರತೆ. ಹಾಲೆಂಡಿನ ವಿಷಯದಲ್ಲಿ ಆದದ್ದು ಹೀಗೆಯೇ. ಅರಬರ ಎಣ್ಣೆ ಬೇರೆ ದೇಶಗಳಿಗೆ ಹೋಯಿತು. ಆ ದೇಶಗಳಿಗೆ ಹೋಗಬೇಕಾಗಿದ್ದ ಇರಾನ್, ನೈಜೀರಿಯಗಳ ಎಣ್ಣೆಯನ್ನು ದೊಡ್ಡ ಕಂಪನಿಗಳು ರೋಟರ್‌ಡ್ಯಾಮ್ ಬಂದರಿನತ್ತ ತಿರುಗಿಸಿದವು. ಡಚ್ಚರು ನವೆಂಬರ್ 4ರಿಂದ ಕೆಲವು ಭಾನುವಾರ ಮೋಟಾರು ಓಡಿಸುವುದನ್ನು ನಿಲ್ಲಿಸಿ, ಹೆದ್ದಾರಿಗಳಲ್ಲಿ ಸೈಕಲ್ ತುಳಿದರು. ಅಮೆರಿಕದಲ್ಲಿ ಪೆಟ್ರೋಲಿಗಾಗಿ ಮೈಲುದ್ದದ ಸಾಲುಗಳು ನಿಂತವು. ಜಪಾನಿನಲ್ಲಿ ಎಣ್ಣೆಯ ಸುದ್ದಿಗೆ ಬೆದರಿದ ಗೃಹಿಣಿಯರು ಶೌಚದ ಕಾಗದಕ್ಕೆ ಅಂಗಡಿಗಳಲ್ಲಿ ಮುಗಿಬಿದ್ದರಂತೆ! ಬಹಿಷ್ಕಾರಕ್ಕೆ ಗುರಿಯಾದವರಿಗೂ ಗುರಿಯಾಗದವರಿಗೂ ಕೊರತೆ ಹೆಚ್ಚುಕಡಿಮೆ ಸಮನಾಗಿಯೇ ಹಂಚಿಹೋಯಿತು.

ಎಲ್ಲಕ್ಕಿಂತ ಆಳವಾದ ಪೆಟ್ಟು ಬೆಲೆಯದು. ಬಹಿಷ್ಕಾರ ಹೊರಡುವ ಮುನ್ನವೇ, ಅಕ್ಟೋಬರ್ 16ರಂದು, ಕೊಲ್ಲಿ ದೇಶಗಳು ಕಚ್ಚಾತೈಲದ ಬೆಲೆಯನ್ನು ಪೀಪಾಯಿಗೆ ಸುಮಾರು 3 ಡಾಲರಿನಿಂದ 5 ಡಾಲರಿಗೆ ಏರಿಸಿದ್ದವು. ಡಿಸೆಂಬರಿನಲ್ಲಿ ತೆಹರಾನಿನ ಸಭೆ ಅದನ್ನು 11 ಡಾಲರ್ 65 ಸೆಂಟಿಗೆ ಒಯ್ದಿತು. ಈ ಏರಿಕೆಗೆ ಮುಂದಾಳಾಗಿ ನಿಂತವರು ಇರಾನಿನ ಶಹಾ. ಅವರು ಅರಬರಲ್ಲ, ಬಹಿಷ್ಕಾರದಲ್ಲಿ ಸೇರಿದವರಲ್ಲ, ಮೇಲಾಗಿ ಇಸ್ರೇಲಿಗೇ ಎಣ್ಣೆ ಮಾರುತ್ತಿದ್ದವರು. ಪ್ಯಾಲೆಸ್ಟೈನಿಗರ ದುಃಖಕ್ಕೂ ಈ ಬೆಲೆಗೂ ಏನು ಸಂಬಂಧವಿತ್ತೆಂದು ಕೇಳುವವರಿರಲಿಲ್ಲ. 1974ರ ಮಾರ್ಚ್ 18ರಂದು ಅರಬ್ ದೇಶಗಳಲ್ಲಿ ಹೆಚ್ಚಿನವು ಅಮೆರಿಕದ ಮೇಲಿನ ಬಹಿಷ್ಕಾರವನ್ನು ಹಿಂತೆಗೆದುಕೊಂಡವು. ಅಷ್ಟರಲ್ಲಿ ಸೂಯೆಜ್ ಕಾಲುವೆಯ ದಂಡೆಯಿಂದ ಇಸ್ರೇಲಿ ಸೇನೆ ಸ್ವಲ್ಪ ಹಿಂದೆ ಸರಿದಿತ್ತು. ಜಪಾನ್ ಅರಬರ ಪರವಾಗಿ ಒಂದು ಹೇಳಿಕೆಯನ್ನು ಕೊಟ್ಟಿತ್ತು. ಜೆರೂಸಲೇಮಿನ ಹಳೆಯ ನಗರ, ಜೋರ್ಡಾನ್ ನದಿಯ ಪಶ್ಚಿಮ ದಂಡೆ ಇವು ಇದ್ದಲ್ಲಿಯೇ ಉಳಿದವು. ಬಹಿಷ್ಕಾರ ಹೋದರೂ ಬೆಲೆ ಕೆಳಗಿಳಿಯಲಿಲ್ಲ.

ಇನ್ನು ನಮ್ಮ ಪಾಡು. ಭಾರತ ಆ ಯುದ್ಧದಲ್ಲಿ ಅರಬರ ಪಕ್ಷವನ್ನೇ ಎತ್ತಿಹಿಡಿದಿತ್ತು. ಆದ್ದರಿಂದ ನಮಗೆ ಎಣ್ಣೆ ನಿಲ್ಲಲಿಲ್ಲ. ಸ್ನೇಹಿತರೆಂದು ಬೆಲೆಯಲ್ಲಿ ರಿಯಾಯಿತಿ ಮಾತ್ರ ಸಿಕ್ಕಲಿಲ್ಲ. ಇರಾನ್ ಮತ್ತು ಇರಾಕ್ ದೇಶಗಳು ಸಾಲದ ಸೌಕರ್ಯವನ್ನೇನೋ ಕೊಟ್ಟವು. ಸಾಲವೆಂದರೆ ತೀರಿಸಬೇಕಾದದ್ದೇ ಅಲ್ಲವೆ? ನಮ್ಮ ತೈಲದ ಆಮದಿನ ವೆಚ್ಚ ಒಂದೇ ವರ್ಷದಲ್ಲಿ ಎರಡು ಪಟ್ಟನ್ನು ಮೀರಿತು. ಆ 1973ರ ನವೆಂಬರಿನಲ್ಲಿಯೇ ನಮ್ಮ ರಾಜ್ಯ ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಉತ್ತರದ ಜಿಲ್ಲೆಗಳಲ್ಲಿ ಬರಗಾಲದ ಗಾಯ ಇನ್ನೂ ಮಾಯ್ದಿರಲಿಲ್ಲ. ದಿಲ್ಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಪೆಟ್ರೋಲ್ ಉಳಿಸಲೆಂದು ಕುದುರೆಗಾಡಿ ಏರಿದರು. ಬೆಲೆಯೇರಿಕೆಯನ್ನು ಪ್ರತಿಭಟಿಸಲು ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಪತ್ರಿಕೆಗಳಿಗೆ ಇವು ಒಳ್ಳೆಯ ಚಿತ್ರಗಳಾದವು. ಕಾರನ್ನೇ ಕಾಣದ ಮನೆಗಳಲ್ಲಿ ಕಷ್ಟ ಬೇರೆ ರೂಪದಲ್ಲಿ ಬಂದಿತು. ದೀಪವೂ ಸ್ಟೌವೂ ಸೀಮೆಎಣ್ಣೆಯವು. ನೀರೆತ್ತುವ ಪಂಪು ಡೀಸೆಲಿನದು. ಯೂರಿಯಾ ಗೊಬ್ಬರ ತಯಾರಾಗುತ್ತಿದ್ದುದು ಬಹಳಮಟ್ಟಿಗೆ ಎಣ್ಣೆಯ ಉಪವಸ್ತುವಾದ ನ್ಯಾಫ್ತಾದಿಂದ. ಹೊಸ ತಳಿಯ ಬೀಜಗಳಿಗೆ ಗೊಬ್ಬರ ಬೇಕೇಬೇಕೆಂದು ರೈತನಿಗೆ ಕಲಿಸಿದ ಕೆಲವೇ ವರ್ಷಗಳಲ್ಲಿ ಗೊಬ್ಬರವೇ ಕೈಗೆಟುಕದಾಯಿತು. 1974-75ರಲ್ಲಿ ಸಗಟು ಬೆಲೆಗಳು ನೂರಕ್ಕೆ 25ರ ಸುಮಾರಿಗೆ ಏರಿದವು. ಇದಕ್ಕೆಲ್ಲ ಎಣ್ಣೆಯೊಂದೇ ಕಾರಣವೆಂದರೆ ಅನ್ಯಾಯವಾದೀತು, ಮಳೆಯೂ ಕೈಕೊಟ್ಟಿತ್ತು. ಆದರೆ ಬರದ ಮೇಲೆ ಬಿದ್ದ ಈ ಭಾರವನ್ನು ಹೊತ್ತವರು ನಿಕ್ಸನ್ನರೂ ಅಲ್ಲ, ಇಸ್ರೇಲಿನ ಸೇನಾಧಿಪತಿಗಳೂ ಅಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಕೊಲ್ಲಿಯಲ್ಲಿ ಆ ಹಣದಿಂದ ರಸ್ತೆಗಳು, ಬಂದರುಗಳು, ಆಸ್ಪತ್ರೆಗಳು ಎದ್ದವು. ಅವನ್ನು ಕಟ್ಟಲು ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಕಡೆಯ ತರುಣರು ಹಡಗು, ವಿಮಾನ ಹತ್ತಿದರು. ಕರಾವಳಿಯ ಎಷ್ಟೋ ಮನೆಗಳ ಹೆಂಚು ಬದಲಾದದ್ದು ಆ ಸಂಬಳದಿಂದ.

ಎಣ್ಣೆಯನ್ನು ಕೊಳ್ಳುವವನಿಗೆ ಕೊಡದಿರುವುದು ಒಂದು ಬಗೆ. ಮಾರುವವನಿಂದ ಕೊಳ್ಳದಿರುವುದು ಮತ್ತೊಂದು ಬಗೆ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್ ಕುವೈತನ್ನು ನುಂಗಿದಾಗ, ನಾಲ್ಕೇ ದಿನಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಇರಾಕಿನ ವ್ಯಾಪಾರಕ್ಕೆಲ್ಲ ತಡೆ ಹಾಕಿತು. ಕುವೈತ್ ಬಿಡುಗಡೆಯಾದ ಮೇಲೂ ಆ ತಡೆ 2003ರವರೆಗೆ ಮುಂದುವರಿಯಿತು. ಔಷಧಕ್ಕೆ ನಿಷೇಧವಿಲ್ಲವೆಂದು ಕಾಗದದಲ್ಲಿ ಬರೆದಿತ್ತು. ಆದರೆ ಎಣ್ಣೆಯೇ ಜೀವನೋಪಾಯವಾದ ದೇಶ ಎಣ್ಣೆ ಮಾರದೆ ಔಷಧ ಕೊಳ್ಳಲು ಹಣವನ್ನು ಎಲ್ಲಿಂದ ತಂದೀತು? ಆಹಾರಕ್ಕಾಗಿ ಎಣ್ಣೆ ಮಾರಲು ಸಮ್ಮತಿ ಸಿಕ್ಕಿ ಎಣ್ಣೆ ಹರಿಯತೊಡಗಿದ್ದು 1996ರ ಡಿಸೆಂಬರಿನಲ್ಲಿ. ಆ ಯೋಜನೆಯನ್ನು ಬಾಗ್ದಾದಿನಲ್ಲಿ ನೋಡಿಕೊಳ್ಳುತ್ತಿದ್ದ ಐರ್ಲೆಂಡಿನ ಡೆನಿಸ್ ಹ್ಯಾಲಿಡೇ 1998ರಲ್ಲಿ ಮನನೊಂದು ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ಬಂದ ಜರ್ಮನಿಯ ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ ಅದೇ ದಾರಿ ಹಿಡಿದರು. ಮಡಿದ ಮಕ್ಕಳ ಸಂಖ್ಯೆಯ ಬಗೆಗೆ ವಿದ್ವಾಂಸರಲ್ಲಿ ವಾದವಿದೆ. ಆಸ್ಪತ್ರೆಗಳು ಬರಿದಾದುದರ ಬಗೆಗೆ ವಾದವಿಲ್ಲ. ಸದ್ದಾಮರ ಅರಮನೆಗಳಿಗೆ ಮಾತ್ರ ಯಾವ ಕೊರತೆಯೂ ಬರಲಿಲ್ಲ. ಆ ಕೊಲ್ಲಿಯ ಬಿಕ್ಕಟ್ಟಿನ ಪೆಟ್ಟು ನಮಗೂ ತಗಲಿತು: ಎಣ್ಣೆಯ ಬೆಲೆ ಏರಿ, ಕುವೈತಿನಿಂದ ನಮ್ಮವರು ಬರಿಗೈಯಲ್ಲಿ ಮರಳಿ, ಮೊದಲೇ ಸೋರುತ್ತಿದ್ದ ವಿದೇಶಿ ವಿನಿಮಯದ ಬೊಕ್ಕಸ ಬತ್ತಿತು. 1991ರಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಹಾಗೂ ಜಪಾನಿನ ಬ್ಯಾಂಕುಗಳಲ್ಲಿ ಒತ್ತೆಯಿಟ್ಟಿತು. ಬಂಗಾರ ಒತ್ತೆಯಿಡುವ ಸಂಕಟ ಏನೆಂಬುದನ್ನು ನಮ್ಮ ತಾಯಂದಿರಿಗೆ ವಿವರಿಸಬೇಕಾಗಿಲ್ಲ.

ಈ ಅಸ್ತ್ರ ನೇರವಾಗಿ ಗುರಿ ಮುಟ್ಟಿದ ಪ್ರಸಂಗವೂ ಒಂದುಂಟು. ಅದು ಇನ್ನೂ ಭಯಂಕರ. 1941ರಲ್ಲಿ ಜಪಾನ್ ತನ್ನ ಎಣ್ಣೆಯಲ್ಲಿ ಬಹುಪಾಲನ್ನು ಅಮೆರಿಕದಿಂದಲೇ ತರುತ್ತಿತ್ತು, ಬೇರೆ ಕಾಲುವೆ ಅದಕ್ಕಿರಲಿಲ್ಲ. ಜುಲೈ ಕೊನೆಯಲ್ಲಿ ಅಮೆರಿಕ ಆ ಒಂದೇ ತೂಬನ್ನು ಮುಚ್ಚಿತು. ಜಪಾನ್ ಚೀನದಿಂದ ಹಿಂದೆ ಸರಿಯಲಿಲ್ಲ. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿ, ಎಣ್ಣೆಯಿರುವ ಇಂಡೋನೇಷ್ಯದತ್ತ ನುಗ್ಗಿತು.

ಉಕ್ರೇನಿನ ಯುದ್ಧದ ಕಾರಣ 2022ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟ ರಷ್ಯದಿಂದ ಹಡಗಿನಲ್ಲಿ ಬರುವ ಕಚ್ಚಾತೈಲವನ್ನು ನಿಲ್ಲಿಸಿದಾಗ ಕೆರೆಯ ನ್ಯಾಯವೇ ಮತ್ತೊಮ್ಮೆ ನಡೆಯಿತು. ಆ ಎಣ್ಣೆ ಅಗ್ಗವಾಗಿ ಚೀನಕ್ಕೂ ನಮ್ಮಲ್ಲಿಗೂ ಹರಿಯಿತು. ಕೊಲ್ಲಿಯ ಎಣ್ಣೆ ಐರೋಪ್ಯರತ್ತ ಹೊರಳಿತು.

1973ರ ಪೆಟ್ಟು ತಿಂದ ಶ್ರೀಮಂತ ದೇಶಗಳು ಮರುವರ್ಷವೇ ಒಂದು ಸಂಸ್ಥೆಯನ್ನು ಕಟ್ಟಿಕೊಂಡು, ತಮ್ಮ 90 ದಿನಗಳ ಆಮದಿಗೆ ಸಮನಾದ ಎಣ್ಣೆಯನ್ನು ಕಣಜದಲ್ಲಿಡುವ ನಿಯಮಕ್ಕೆ ಬದ್ಧವಾದವು. ನಮ್ಮ ಕಣಜ ತಡವಾಗಿ ಬಂದಿತು. ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರುಗಳಲ್ಲಿ ನೆಲದಾಳದ ಕಲ್ಲನ್ನು ಕೊರೆದು ಗುಹೆಗಳನ್ನು ಮಾಡಿದ್ದಾರೆ. ಮೂರೂ ಕೂಡಿ 53 ಲಕ್ಷ ಟನ್ನಿಗಿಂತ ತುಸು ಹೆಚ್ಚು ಹಿಡಿಯುತ್ತವೆ. ಪೂರ್ತಿ ತುಂಬಿದರೂ ದೇಶಕ್ಕೆ ಹತ್ತು ದಿನ ಸಾಲದು. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಪಾದೂರಿನದು. ಮಂಗಳೂರಿನ ಗುಹೆಯೊಂದರಲ್ಲಿ 2018ರಿಂದ ಅಬುಧಾಬಿಯ ತೈಲ ಕಂಪನಿ ತನ್ನದೇ ಎಣ್ಣೆಯನ್ನು ತಂದಿರಿಸತೊಡಗಿತು. ಅದನ್ನು ಅವರು ಮಾರಿಕೊಳ್ಳಬಹುದು. ಆಪತ್ತು ಒದಗಿದರೆ ಮೊದಲ ಹಕ್ಕು ನಮ್ಮದೆಂದು ಒಪ್ಪಂದವಾಗಿದೆ.