ಅಂಗಳವೆಲ್ಲ ಇಂಟರ್‌ಲಾಕ್ ಆದರೆ ಕರಿಮೆಣಸು ಎಲ್ಲಿ ಹಬ್ಬಬೇಕು?

‘ಈಗಿನ ಬಿಸಿಲಿಗೆ ಕರಿಮೆಣಸು ಬದುಕುವುದಿಲ್ಲ ಮಾರಾಯ್ರೆ’ ಎಂಬ ಮಾತು ನಮ್ಮ ಬ್ಯಾರಿ ಮನೆಗಳಲ್ಲಿ ಆಗಾಗ ಕೇಳುತ್ತದೆ. ಸೆಕೆ ಹೆಚ್ಚಾದದ್ದು ಹೌದು. ಆದರೆ ಇದು ನಮ್ಮ ಪಶ್ಚಿಮ ಘಟ್ಟದ್ದೇ ಬಳ್ಳಿ, 40 ಡಿಗ್ರಿವರೆಗೂ ತಾಳಿಕೊಳ್ಳುತ್ತದೆ. ಅದಕ್ಕೆ ಆಗದ್ದು ಎರಡೇ: ನೇರ ಬಿಸಿಲು ಮತ್ತು ಒಣಗಿದ ಬುಡ. ಗಲ್ಫ್ ದುಡಿಮೆಯಲ್ಲಿ ಹೊಸ ಮನೆ ಏಳುವಾಗ ಮೊದಲು ಕೊಡಲಿ ಬೀಳುವುದು ಹಲಸು, ಮಾವಿಗೆ. ಮತ್ತೆ ಗೇಟಿನವರೆಗೆ ಇಂಟರ್‌ಲಾಕ್. ಮಧ್ಯಾಹ್ನ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ, ಬಳ್ಳಿಯ ಬೇರಿನ ಗತಿ ಏನು? ನೆಟ್ಟ ಗಿಡದ ಫಲ ಹಕ್ಕಿ ತಿಂದರೂ ಸದಕ ಎಂದು ಮಸೀದಿಯಲ್ಲಿ ಕೇಳುತ್ತೇವೆ. ಮನೆಯ ಪ್ಲಾನ್ ಬರೆಸುವಾಗಲೂ ಅದು ನೆನಪಿರಬೇಕಲ್ಲ?

ಮರ ಉಳಿಸಿಕೊಂಡವರಿಗೆ ಕೆಲಸ ಸುಲಭ ಉಂಟು. ಮಳೆ ಹಿಡಿದ ಮೇಲೆ ಮರದ ಉತ್ತರ ಬದಿಗೆ, ಬುಡದಿಂದ ಒಂದಡಿ ಬಿಟ್ಟು ಬೇರು ಬಂದ ಬಳ್ಳಿ ನೆಡಿ. ಪಡು ಬದಿಯಲ್ಲಿ ನೆಟ್ಟರೆ ಮಾರ್ಚ್ ಬಿಸಿಲು ಎಳೆ ಬಳ್ಳಿಯನ್ನು ಸುಟ್ಟುಬಿಡುತ್ತದೆ. ಮೊದಲ ಎರಡು ಮೂರು ಬೇಸಿಗೆಗೆ ತೆಂಗಿನ ಮಡಲಿನ ಮರೆ ಕೊಟ್ಟು, ಬುಡಕ್ಕೆ ದಪ್ಪಕ್ಕೆ ತರಗೆಲೆ ಹಾಕಬೇಕು. ನೀರಿಲ್ಲ ಎನ್ನುವವರು ವುಝೂ ಮಾಡುವ ಕಡೆಯ ಪೈಪನ್ನು ಚರಂಡಿ ಬಿಡಿಸಿ ಇತ್ತ ತಿರುಗಿಸಲಿ, ಅದರಲ್ಲಿ ಸಾಬೂನೂ ಇಲ್ಲ. ಮಳೆಗಾಲದಲ್ಲಿ ಮಾತ್ರ ಪುನಃ ಚರಂಡಿಗೇ ಬಿಡಿ. ಬೇಸಿಗೆ ದಾಟಿದ ಬಳ್ಳಿಯನ್ನು ಜುಲೈಯಲ್ಲಿ ಬುಡದ ನೀರು ಕೊಲ್ಲುವುದುಂಟು. ಅದೇ ಸೊರಗು ರೋಗ. ನೀರು ನಿಲ್ಲದಂತೆ ಬುಡಕ್ಕೆ ಮಣ್ಣು ಏರಿಸಿ, ಮಳೆಗೆ ಮೊದಲೇ ಶೇ. 1ರ ಬೋರ್ಡೋ ಮದ್ದು ಬಿಡಿ. ಅಡಿಕೆ ಇದ್ದವರಿಗೆ ಇದು ಹೊಸತಲ್ಲ.

ತಳಿಯ ಬಗ್ಗೆ ಒಂದು ಮಾತು. ನೆರಳು ಜಾಸ್ತಿ ಇರುವಲ್ಲಿ ಪಣಿಯೂರು-1 ಅಷ್ಟು ಫಸಲು ಕೊಡುವುದಿಲ್ಲ, ಅಲ್ಲಿಗೆ ಕರಿಮುಂಡ ವಾಸಿ.

ಮರವೇ ಇಲ್ಲದ ಮನೆಗೆ, ಫ್ಲ್ಯಾಟಿಗೆ ಪೊದೆ ಮೆಣಸು ಉಂಟು. ಕಾಳು ಬಿಡುವ ಅಡ್ಡ ಕವಲಿಗೆ ಬೇರು ಬರಿಸಿ ಕುಂಡದಲ್ಲಿ ಬೆಳೆಸುವ ಗಿಡ ಅದು. ಹಬ್ಬುವುದಿಲ್ಲ, ಸುಮಾರು ಒಂದು ವರ್ಷದಲ್ಲಿ ಫಲ ಕಾಣಬಹುದು. ನರ್ಸರಿಯಲ್ಲಿ ಹೆಸರು ಹೇಳಿಯೇ ಕೇಳಿ. ಸಾದಾ ಬಳ್ಳಿಯನ್ನು ಕುಂಡಕ್ಕೆ ಹಾಕಿದ ಮಾತ್ರಕ್ಕೆ ಪೊದೆಯಾಗದು. ಟೆರೇಸಿನ ಬಿಸಿಲಿಗೆ ಇಡಬೇಡಿ, ಮೂಡು ಬದಿಯ ಸಿಟೌಟ್ ಸಾಕು. ಕುಂಡ ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ದಿನಾ ನೀರು ಬೇಕು. ಜ್ವರದ ಕಷಾಯಕ್ಕೆ, ಮೊಟ್ಟೆಗೆ ಉದುರಿಸಲಿಕ್ಕೆ ಎರಡು ಮೂರು ಕುಂಡ ಇದ್ದರೆ ಅಂಗಡಿಗೆ ಓಡುವುದು ಕಡಿಮೆಯಾದೀತು.

ಮನೆ ಕಟ್ಟಿಸುತ್ತಿರುವವರಲ್ಲಿ ನಮ್ಮದೊಂದು ಕೇಳಿಕೆ. ಇಂಟರ್‌ಲಾಕ್‌ನವರಿಗೆ ಅಳತೆ ಕೊಡುವಾಗ ಪ್ರತಿ ಮರದ ಸುತ್ತ ಮೂರಡಿ ಮಣ್ಣು ಬಿಡಿಸಿ. ಚದರಡಿ ಲೆಕ್ಕದಲ್ಲಿ ಅಷ್ಟು ಹಣವೂ ಉಳಿಯಿತು.