ಕಂದಕದ ಲೆಕ್ಕ ಯಾರಿಗೆ ಸಲ್ಲಬೇಕು?

ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವನು ಇತಿಹಾಸಕಾರನಲ್ಲ. ಚಿನ್ನದ ಜಾಡು ಹಿಡಿದು ರಾಯಚೂರು ಸೀಮೆಯಲ್ಲಿ ಅಲೆಯುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರ್. ನಮ್ಮ ಸಂಘದ ಉಪನ್ಯಾಸಗಳಲ್ಲಿ ಆ ಶಾಸನದ ಮಾತು ಆಗಾಗ ಬರುತ್ತದೆ. ಅಗೆಸಿಕೊಂಡ ಹೊಲದ ಮಾತು ಮಾತ್ರ ಬಂದದ್ದಿಲ್ಲ. ಹುಟ್ಟಿ-ಮಸ್ಕಿ ಶಿಲಾಪಟ್ಟಿಯಲ್ಲಿ ಯೌವನದ ಕೆಲವು ಬೇಸಗೆಗಳನ್ನು ಕಂದಕ ತೋಡಿಸುವುದರಲ್ಲೇ ಕಳೆದು, ಈಗ ಮುಂಬಯಿಯಲ್ಲಿ ನಿವೃತ್ತನಾಗಿ ಕುಳಿತಿರುವ ನನಗೆ ಆ ಋಣ ಕಾಡುತ್ತಿದೆ.

ಕಂದಕವೆಂದರೆ ಬರಿಯ ಗುಂಡಿಯಲ್ಲ. ಶಿಲಾಸ್ತರ ಹಾಯ್ದ ದಿಕ್ಕಿಗೆ ಅಡ್ಡಲಾಗಿ, ಎರೆಮಣ್ಣನ್ನು ಸೀಳಿ, ಗಟ್ಟಿಕಲ್ಲು ಸಿಗುವವರೆಗೆ ತೋಡಬೇಕು. ಆಮೇಲೆ ತಳವನ್ನು ಪೊರಕೆಯಿಂದ ಗುಡಿಸಿ, ಉಳಿ ಸುತ್ತಿಗೆಗಳಿಂದ ಒಂದೇ ಅಗಲ, ಒಂದೇ ಆಳದ ಕಾಲುವೆ ಕೊರೆದು, ಮೀಟರಿಗೊಂದರಂತೆ ಚೂರುಗಳನ್ನು ಚೀಲಕ್ಕೆ ತುಂಬಬೇಕು. ಕೈ ತಾನಾಗಿಯೇ ಹೊಳೆಯುವ ಬೆಣಚುಕಲ್ಲಿನತ್ತ ಸರಿಯುತ್ತದೆ. ಅಲ್ಲಿಯೇ ಲೆಕ್ಕ ಕೆಡುವುದು. ಟನ್ನಿಗೆ ನಾಲ್ಕು ಗ್ರಾಂ ಎಂದರೆ ಒಂದು ಕಿಲೋ ಕಲ್ಲಿನಲ್ಲಿ ನಾಲ್ಕೇ ಮಿಲಿಗ್ರಾಂ! ಒಂದು ದಪ್ಪ ಕಣ ಹೆಚ್ಚಾಗಿ ಬಿದ್ದರೆ ಬಡ ಕಲ್ಲೂ ಕಾಗದದ ಮೇಲೆ ಸಿರಿವಂತವಾಗುತ್ತದೆ. ಇಂಡೋನೇಷ್ಯಾದ ಬುಸಾಂಗಿನಲ್ಲಿ ಕೊರೆದ ಕಲ್ಲಿನ ಅರ್ಧವನ್ನು ಸಾಕ್ಷಿಗಾಗಿ ಉಳಿಸುವ ವಾಡಿಕೆಯನ್ನು ಕೈಬಿಟ್ಟು ಪುಡಿಮಾಡಿದರು. ಮಾದರಿಗೆ ಹೊರಗಿನ ಚಿನ್ನ ಬೆರೆಸಿದ್ದು 1997ರಲ್ಲಿ ಬಯಲಾಗುವ ಹೊತ್ತಿಗೆ ಕೆನಡಾದ ಷೇರುದಾರರು ಮುಳುಗಿದ್ದರು. ಅಂದಿನಿಂದ ಹೂಡಿಕೆದಾರನ ರಕ್ಷಣೆಗೆ ನಿಯಮಗಳು ಬಿಗಿಯಾದವು. ಹೊಲದವನ ರಕ್ಷಣೆ?

ಒಬ್ಬ ಮುದುಕಿಯ ಹೊಲದಲ್ಲಿ ನಾವು ಹನ್ನೆರಡು ಚೀಲ ತುಂಬಿದೆವು. "ಯಪ್ಪಾ, ಏನ್ ಸಿಕ್ತು ನಮ್ಮ ಹೊಲದಾಗ?" ಎಂದು ಆಕೆ ಕೇಳಿದಾಗ, ಮೇಲಿನವರ ಅಪ್ಪಣೆಯಂತೆ, "ಇನ್ನೂ ಗೊತ್ತಿಲ್ಲಮ್ಮಾ" ಎಂದೆ. ಫಲಿತಾಂಶ ಬಂದ ಮೇಲೂ ಅದನ್ನೇ ಹೇಳಿದೆ. ಕಂದಕ ಮುಚ್ಚುವಾಗ ಗುತ್ತಿಗೆಯವರು ಅಡಿಯ ಗರಸನ್ನು ಮೇಲಕ್ಕೂ ಮೇಲಿನ ಎರೆಯನ್ನು ಅಡಿಗೂ ತುಂಬಿದರು. ಮೇಲ್ಮಣ್ಣನ್ನು ಬೇರೆ ಇರಿಸಿ ಕೊನೆಗೆ ಹರಡಲು ತಗಲುವುದು ಒಂದು ದಿನದ ಕೂಲಿ.

2015ರ ತಿದ್ದುಪಡಿಯ ನಂತರ ಗಣಿ ಪ್ರದೇಶಗಳು ಹರಾಜಾಗುತ್ತಿವೆ. ಬಿಡ್ ಹಾಕುವವರ ಕೈಗೆ ಅನ್ವೇಷಣೆಯ ವಿವರ ಸಿಗುತ್ತದೆ. ಎಲ್ಲಿ ತೋಡಿದರು, ಎಷ್ಟು ಆಳ, ಏನು ಸಿಕ್ಕಿತು ಎಂಬುದನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಹೊಲದೊಡೆಯನಿಗೂ ಸಲ್ಲಲೇಬೇಕೆಂಬುದು ನನ್ನ ವಾದ. ಇದರಿಂದ ಭೂಮಿಯ ಬೆಲೆ ವೃಥಾ ಏರುತ್ತದೆ ಎನ್ನುವವರಿದ್ದಾರೆ. ಏರಬಹುದು. ಆದರೆ ಕೊಳ್ಳುವವನಿಗೆ ತಿಳಿದದ್ದು ಮಾರುವವನಿಗೆ ತಿಳಿಯಬಾರದೆಂಬುದು ಯಾವ ನ್ಯಾಯ?

ಆ ಹನ್ನೆರಡರಲ್ಲಿ ಹನ್ನೊಂದು ಚೀಲಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಹನ್ನೆರಡನೆಯದನ್ನು ಮರುಪರೀಕ್ಷಿಸಿದಾಗ ಅದೂ ಬರಿದೆಂದು ತಿಳಿಯಿತು. ಸರಕಾರದವರು ಇಂದು ಬರುತ್ತಾರೆ, ನಾಳೆ ಬರುತ್ತಾರೆಂದು ಆ ಮುದುಕಿ ಎರಡು ವರ್ಷ ಬಿತ್ತನೆ ಮಾಡಲಿಲ್ಲ.