ಲ್ಯಾಪ್‌ಟಾಪ್ ಬ್ಯಾಟರಿಯ ಜಮಾ-ಖರ್ಚು

ಎಂಜಿನಿಯರಿಂಗ್ ಸೇರಿದ ಮಕ್ಕಳಿಗೆ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸುವ ತಂದೆತಾಯಂದಿರು ಇಂದು ಅನೇಕರಿದ್ದಾರೆ. ಆಟಕ್ಕಷ್ಟೇ ಅಲ್ಲ, ವಿನ್ಯಾಸದ ತಂತ್ರಾಂಶಗಳಿಗೂ ಅದು ಒದಗುತ್ತದೆಂಬುದು ನಿಜವೇ. ಆದರೆ ಎರಡು ತರಗತಿ ಮುಗಿಯುವಷ್ಟರಲ್ಲಿ ಬ್ಯಾಟರಿ ಖಾಲಿ! ಅಂಗಡಿಯವನು ಮೋಸ ಮಾಡಿದನೆಂದು ಬೈದು, ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿ ಹಾಕಿಸುವವರೂ ಉಂಟು. ಅನೇಕ ವೇಳೆ ದೋಷವಿರುವುದು ಬ್ಯಾಟರಿಯಲ್ಲಲ್ಲ, ಖರ್ಚಿನಲ್ಲಿ.

ಲ್ಯಾಪ್‌ಟಾಪ್ ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಅವರ್‌ಗಳಲ್ಲಿ ಹೇಳುತ್ತಾರೆ. ಮನೆಯ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 1,000 ವ್ಯಾಟ್-ಅವರ್. 60 ವ್ಯಾಟ್-ಅವರ್ ಬ್ಯಾಟರಿಯಲ್ಲಿ ಇರುವುದು ಅದರ ನೂರರಲ್ಲಿ ಆರು ಪಾಲು ಮಾತ್ರ. ಈ ಸಂಖ್ಯೆಯನ್ನು ಖರ್ಚಾಗುವ ವ್ಯಾಟ್‌ಗಳಿಂದ ಭಾಗಿಸಿದರೆ ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ತಿಳಿಯುತ್ತದೆ. ಬರವಣಿಗೆಗೆ 15 ವ್ಯಾಟ್ ಬೇಕೆಂದಿಟ್ಟುಕೊಳ್ಳಿ. 4 ಗಂಟೆ ಬಂತು. ಖರ್ಚು 30 ವ್ಯಾಟ್‌ಗೆ ಏರಿದರೆ 2 ಗಂಟೆ. ಆಟವಾಡುವಾಗ 90 ವ್ಯಾಟ್ ಆದರೆ ಬರೀ 40 ನಿಮಿಷ! ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಬಳಸುತ್ತದೆಂಬುದನ್ನು ನೆನೆದರೆ ಈ ಖರ್ಚಿನ ಅಂದಾಜು ಸಿಗುತ್ತದೆ.

ಹಾಗಾದರೆ ದೊಡ್ಡ ಬ್ಯಾಟರಿ ಹಾಕಬಾರದೇಕೆ? ತೂಕ ಹೆಚ್ಚುವುದು ಒಂದು ಕಾರಣ. ಅಲ್ಲದೆ 100 ವ್ಯಾಟ್-ಅವರ್ ಮೀರಿದ ಲಿಥಿಯಂ ಅಯಾನ್ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯಲು ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಆದ್ದರಿಂದ ತಯಾರಕರು ಸಾಮಾನ್ಯವಾಗಿ ಆ ಗಡಿ ದಾಟುವುದಿಲ್ಲ. ಉಳಿದ ದಾರಿ ಖರ್ಚು ತಗ್ಗಿಸುವುದೇ.

ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಘಟಕಗಳಿರುತ್ತವೆ. ಪ್ರೊಸೆಸರ್‌ನೊಳಗಿನ ಚಿಕ್ಕದು ಮಿತವ್ಯಯಿ. ಪ್ರತ್ಯೇಕವಾಗಿರುವ ದೊಡ್ಡದು ಭಾರಿ ಖರ್ಚಿನದು. ಓದು-ಬರಹಕ್ಕೆ ಚಿಕ್ಕದೇ ಸಾಕು. ಆದರೂ ಹಿನ್ನೆಲೆಯಲ್ಲಿ ತೆರೆದಿಟ್ಟ ಯಾವುದೋ ತಂತ್ರಾಂಶ ದೊಡ್ಡದನ್ನು ಎಚ್ಚರವಾಗಿಟ್ಟಿರಬಹುದು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿರುವ ಗ್ರಾಫಿಕ್ಸ್ ವಿಭಾಗದಲ್ಲಿ ಅಂಥ ತಂತ್ರಾಂಶಕ್ಕೆ 'ಪವರ್ ಸೇವಿಂಗ್' ಆಯ್ದುಕೊಳ್ಳಬೇಕು. ಪರದೆ ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುತ್ತಿದ್ದರೆ 60ಕ್ಕೆ ಇಳಿಸಿ, ಬೆಳಕನ್ನೂ ತಗ್ಗಿಸಿ. ಭಾರಿ ಆಟಗಳನ್ನು ಚಾರ್ಜರ್ ಸಿಕ್ಕಿಸಿಯೇ ಆಡುವುದು ಲೇಸು. ಚಾರ್ಜರ್ ಕೊಡುವಷ್ಟು ಶಕ್ತಿಯನ್ನು ಬ್ಯಾಟರಿ ಒಮ್ಮೆಗೇ ಕೊಡಲಾರದ್ದರಿಂದ, ಬ್ಯಾಟರಿಯಲ್ಲಿ ಆಟವೂ ನಿಧಾನವಾಗುತ್ತದೆ.

ಇನ್ನು ಬ್ಯಾಟರಿಯ ಆಯುಷ್ಯದ ವಿಚಾರ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕೆಂಬ ಮಾತು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಗೆ ಅದು ಅನ್ವಯಿಸದು. ಇದರ ಶತ್ರುಗಳು ಎರಡು: ಬಿಸಿ, ಮತ್ತು ಸದಾ 100 ಶೇಕಡಾ ತುಂಬಿರುವುದು. ಮನೆಯಲ್ಲಿ ದಿನವಿಡೀ ಚಾರ್ಜರ್‌ಗೆ ಸಿಕ್ಕಿಸಿಡುವವರು 80 ಶೇಕಡಾಕ್ಕೆ ಚಾರ್ಜಿಂಗ್ ನಿಲ್ಲಿಸುವ ಸೌಲಭ್ಯವಿದ್ದರೆ ಬಳಸಬೇಕು. ಹಾಸಿಗೆಯ ಮೇಲಿಟ್ಟರೆ ಗಾಳಿಕಿಂಡಿ ಮುಚ್ಚಿ ಬಿಸಿ ಒಳಗೇ ಉಳಿಯುತ್ತದೆ, ಮೇಜಿನ ಮೇಲಿಡಿ.

ಹೊಸ ಬ್ಯಾಟರಿಗೆ ಹಣ ತೆರುವ ಮುನ್ನ ಪೋಷಕರು ಮಕ್ಕಳಿಂದಲೇ ಒಂದು ಲೆಕ್ಕ ಮಾಡಿಸಬಹುದು. ವಿಂಡೋಸ್ 'ಬ್ಯಾಟರಿ ರಿಪೋರ್ಟ್' ಎಂಬ ವರದಿ ಕೊಡುತ್ತದೆ. ಅದರಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ, ಈಗ ತುಂಬುವ ಸಾಮರ್ಥ್ಯ ಎರಡೂ ಇರುತ್ತವೆ. 60 ಇದ್ದದ್ದು 55 ಆಗಿದ್ದರೆ ಬ್ಯಾಟರಿ ಗಟ್ಟಿಯಾಗಿಯೇ ಇದೆ, ಖರ್ಚನ್ನು ನೋಡಿಕೊಳ್ಳಬೇಕು. 30ಕ್ಕೆ ಇಳಿದಿದ್ದರೆ ಬದಲಿಸುವುದು ನ್ಯಾಯ. ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮಾತ್ರ ಯಾವ ಲೆಕ್ಕವೂ ಬೇಡ. ಲ್ಯಾಪ್‌ಟಾಪ್ ಆರಿಸಿ, ಚಾರ್ಜ್ ಮಾಡದೆ, ಒತ್ತದೆ, ಚುಚ್ಚದೆ ತಿಳಿದವರ ಬಳಿ ಒಯ್ಯಬೇಕು. ಅದು ಹೊತ್ತಿಕೊಳ್ಳುವ ಅಪಾಯವಿದೆ.